ಸಂಡೂರು ರಸ್ತೆಯ ಕೆಂಪು ಹಕ್ಕಿ

ಹಕ್ಕಿ ಇಟ್ಟಿಗೆಯಷ್ಟು ಕೆಂಪಗಿತ್ತು.

ಕೊಕ್ಕು ಕೆಂಪು, ರೆಕ್ಕೆ ಕೆಂಪು, ಕಾಲೂ ಕೆಂಪು. ಕೆರೆ ಏರಿಯ ಮೇಲೆ ನಿಂತು ನಮ್ಮನ್ನೇ ನೋಡುತ್ತಿತ್ತು. ನನ್ನ ಕೈಯಲ್ಲಿದ್ದ ಹಕ್ಕಿಗಳ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಎರಡು ಸಲ ತಿರುವಿದೆ. ಅಂಥ ಹಕ್ಕಿ ಅದರಲ್ಲಿ ಇರಲಿಲ್ಲ.

ಮೈನಿಂಗ್ ಜೋರಾಗಿದ್ದ ವರ್ಷಗಳ ಮಾತು ಇದು. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯಲ್ಲಿ ಅದಿರು ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ಆ ರಸ್ತೆಯಿಂದ ಒಳಗೆ, ಗುಡ್ಡದ ಮರೆಯಲ್ಲಿ, ಕಾಡಿನ ಹಳ್ಳದಿಂದ ತುಂಬುವ ಒಂದು ಸಣ್ಣ ಕೆರೆ.

ಹಕ್ಕಿ ಗಣತಿಗೆ ಜನ ಬೇಕೆಂದು ಅರಣ್ಯ ಇಲಾಖೆಯವರು ನಮ್ಮ ಶಾಲೆಗೆ ಬಂದಾಗ ನಾನು ಒಪ್ಪಿಕೊಂಡಿದ್ದೆ. ನಾನು ಗಣಿತದ ಟೀಚರ್, ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಮನೆ. ಎಣಿಸುವುದು ಗೊತ್ತು. ಹಕ್ಕಿಗಳು ಮಾತ್ರ ನನಗೆ ಅನುವಾದದ ಕಾದಂಬರಿಗಳಿಂದ ಗೊತ್ತು... ನೈಟಿಂಗೇಲ್, ರಾಬಿನ್. ಸಂಡೂರಿನಲ್ಲಿ ಅವು ಕೆಲಸಕ್ಕೆ ಬರುವುದಿಲ್ಲ.

ಜೊತೆಗೆ ಬಂದವರು ಫಾರೆಸ್ಟ್ ವಾಚರ್ ಹನುಮಂತಪ್ಪ. ಇಪ್ಪತ್ತು ವರ್ಷದಿಂದ ಆ ಕೆರೆ, ಆ ಕುರುಚಲು ಕಾಡು ಕಾಯುತ್ತಿದ್ದವರು.

ದಾರಿಯಲ್ಲೇ ವಿಷಯ ಹೇಳಿದ್ದರು. ಕೆರೆ ಮುಚ್ಚಿ ಅದಿರು ಸುರಿಯುವ ಯಾರ್ಡ್ ಮಾಡಲು ಯಾರೋ ಅರ್ಜಿ ಹಾಕಿದ್ದಾರೆ. ಕೆರೆಯನ್ನು ಸಂರಕ್ಷಿತ ಪಟ್ಟಿಗೆ ಸೇರಿಸಬೇಕೋ ಬೇಡವೋ ಎಂಬುದು ಈ ಗಣತಿ ನೋಡಿ ತೀರ್ಮಾನವಾಗುತ್ತದೆ.

"ಒಂದ ಒಂದು ಅಪರೂಪದ್ದು ಬರೀರಿ ಅಕ್ಕೋರ. ಬರೇ ಬೆಳ್ಳಕ್ಕಿ ಬರದ್ರ ಯಾರು ಕೇಳ್ತಾರ?"

ಈಗ ಇಲ್ಲಿ, ಹದಿನೈದು ಹೆಜ್ಜೆ ದೂರದಲ್ಲಿ, ಯಾವ ಪುಸ್ತಕದಲ್ಲೂ ಇಲ್ಲದ ಹಕ್ಕಿ.

ಹೊಸ ಜಾತಿಯೇ ಇರಬಹುದು. ಹೊಸ ಜಾತಿಗೆ ಕಂಡವರ ಹೆಸರಿಡುತ್ತಾರಂತೆ. ನನ್ನ ಹೆಸರು ಲ್ಯಾಟಿನ್‌ನಲ್ಲಿ ಹೇಗೆ ಕೇಳಿಸಬಹುದು ಎಂದು ನಾಲ್ಕು ಬಗೆಯಾಗಿ ಹೇಳಿ ನೋಡಿದೆ... ಮನಸ್ಸಿನಲ್ಲೇ.

"ಜಲ್ದಿ ಬರ್ಕೊಳ್ರಿ ಅಕ್ಕೋರ. ಬರ್ಕೊಂಡು ಹೋಗಿಬಿಡೋಣ, ಬಿಸಿಲು ಭಾಳ ಆಗತೈತಿ."

ಆಗಿನ್ನೂ ಬೆಳಿಗ್ಗೆ ಎಂಟು ಗಂಟೆ. ನಾನು ಕೊಕ್ಕಿನ ಉದ್ದ ಅಂದಾಜಿಸಿದೆ. ಕತ್ತಿನ ತಿರುವು ಬರೆದೆ. ಕಣ್ಣಿನ ಬಣ್ಣ ಕಾಣಲಿ ಎಂದು ಕಾದೆ.

"ಕಣ್ಣೇನು ಮಾಡ್ತೀರಿ, ಬ್ಯಾಡ ಬಿಡ್ರಿ. ಕೆಂಪು ಹಕ್ಕಿ ಅಂತ ಬರದು ಸೈನ್ ಹಾಕ್ರಿ."

ಅಷ್ಟರಲ್ಲಿ ಹಕ್ಕಿ ಏರಿಯಿಂದ ಇಳಿದು ನೀರಿಗೆ ಕಾಲಿಟ್ಟಿತು.

ಹನುಮಂತಪ್ಪ ಆಚೆ ತಿರುಗಿ ಗುಡ್ಡ ನೋಡತೊಡಗಿದರು.

ಹಕ್ಕಿ ಮುಳುಗಿತು, ಎದ್ದಿತು, ರೆಕ್ಕೆ ಬಡಿಯಿತು. ಸುತ್ತ ನೀರಿನಲ್ಲಿ ಕೆಂಪು ಮೋಡ ಹರಡಿತು. ಮೊದಲು ಕತ್ತು ಬೆಳ್ಳಗಾಯಿತು. ಆಮೇಲೆ ಒಂದು ರೆಕ್ಕೆ. ಒಂದು ನಿಮಿಷ ಅರ್ಧ ಇಟ್ಟಿಗೆ, ಅರ್ಧ ಹಾಲು... ಕೊನೆಗೆ ದಡಕ್ಕೆ ಬಂದದ್ದು ಕರಿ ಕಾಲು, ಹಳದಿ ಪಾದದ ಒಂದು ಬೆಳ್ಳಕ್ಕಿ.

ಪುಸ್ತಕದ ಮೊದಲ ಪುಟಗಳಲ್ಲೇ ಅದರ ಚಿತ್ರವಿತ್ತು.

"ನಿಮಗೆ ಗೊತ್ತಿತ್ತಾ?" ಎಂದೆ.

"ಇಪ್ಪತ್ತು ವರ್ಷ ಆತಲ್ರಿ... ಪುಸ್ತಕದಾಗ ಇದಕ್ಕ ಬ್ಯಾರೆ ಏನರ ಹೆಸರು ಇದ್ದೀತು ಅಂತ ಸುಮ್ಕಿದ್ದೆ."

ನಾನು ಸುಲಭಕ್ಕೆ ನಗುವವಳಲ್ಲ. ಅವತ್ತು ಏರಿಯ ಮೇಲೆ ಕುಸಿದು ಕೂತು ನಕ್ಕೆ. ಅವರೂ ನಕ್ಕರು. ಕಣ್ಣೀರು ಬಂದು ಸೆರಗಿನಿಂದ ಒರೆಸಿಕೊಂಡರೆ ಮುಖಕ್ಕೆಲ್ಲ ಅದಿರಿನ ಕೆಂಪು ಧೂಳು.

"ಈಗ ನಿಮ್ಮನ್ನ ಬರೀಬೇಕು ನೋಡ್ರಿ ಅಪರೂಪದ್ದು ಅಂತ."

ನಗು ನಿಂತಾಗ ಎರಡನೆಯ ಕೆಂಪು ಹಕ್ಕಿ ಬಂದಿಳಿದಿತ್ತು. ಅದರ ಹಿಂದೆ ಮೂರನೆಯದು. ಬರುತ್ತಲೇ ಇದ್ದವು! ಬಂದ ಹಕ್ಕಿಗಳು ಏರಿಯ ಮೇಲೆ ಕಾಯುತ್ತವೆ, ಒಂದು ಹೊರಬಂದರೆ ಇನ್ನೊಂದು ಇಳಿಯುತ್ತದೆ. ಮದುವೆ ಮನೆಯ ಬಚ್ಚಲಿನ ಮುಂದೆ ನೆಂಟರು ನಿಂತ ಹಾಗೆ.

"ಇಲ್ಲಿಗೇ ಯಾಕೆ ಬರ್ತವೆ?"

"ಮತ್ತ ಎಲ್ಲಿಗೆ ಹೋಗಬೇಕ್ರಿ? ಸುತ್ತ ಇರೋ ಹಳ್ಳ, ಹೊಂಡ ಎಲ್ಲಾ ಕೆಂಪು ರಾಡಿ ಆಗ್ಯಾವ. ಮೈ ತೊಳ್ಕೊಳ್ಳಾಕ ಇದೊಂದ ಉಳದೈತಿ." ಆಮೇಲೆ ಮೆಲ್ಲಗೆ ಕೇಳಿದರು: "ಹಂಗಾದ್ರ ಏನ್ ಬರೀತೀರಿ?"

ಮಧ್ಯಾಹ್ನದವರೆಗೆ ಕೂತು ಬರೆದೆ. ಹೆಸರಿನ ಕಾಲಂನಲ್ಲಿ, ಬೆಳ್ಳಕ್ಕಿ. ಷರಾ ಕಾಲಂನಲ್ಲಿ, ಬಂದಾಗ ಕೆಂಪು, ಹೋಗುವಾಗ ಬಿಳಿ.

ಒಂದೊಂದು ಹಕ್ಕಿಗೆ ಒಂದೊಂದು ಸಾಲು. ಹತ್ತೊಂಬತ್ತು ಸಾಲು. ಎಲ್ಲೂ 'ಮೇಲಿನಂತೆ' ಎಂದು ಬರೆಯಲಿಲ್ಲ.

ಹನುಮಂತಪ್ಪ ಓದಿಸಿ ಕೇಳಿಸಿಕೊಂಡರು. ಅವರ ಮುಖ ಸಣ್ಣದಾಯಿತು. "ನಗ್ತಾರ್ರೀ ಅಕ್ಕೋರ."

ನಕ್ಕರು. ಅರಣ್ಯ ಇಲಾಖೆಯ ಆಫೀಸಿನಲ್ಲಿ ಸಾಹೇಬರು ಮೊದಲ ಸಾಲಿಗೆ ನಕ್ಕರು, ಐದನೆಯ ಸಾಲಿಗೂ ನಕ್ಕರು. ಹತ್ತೊಂಬತ್ತನೆಯ ಸಾಲು ಮುಗಿಸಿ, ಭಾನುವಾರ ತಾವೇ ಬರುವುದಾಗಿ ಹೇಳಿದರು.

ಬಂದರು. ನಮ್ಮ ನಡುವೆ ಏರಿಯ ಮೇಲೆ ಕೂತರು. ಮೊದಲ ಹಕ್ಕಿ ನೀರಿಗಿಳಿದು ಬೆಳ್ಳಗಾದಾಗ ಶಾಲೆಯ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು. ಎರಡನೆಯದಕ್ಕೆ ಪೆನ್ನು ತೆಗೆದರು.

"ಈ ಕೆಂಪಂದು ಬ್ಯಾರೇದ್ರೀ ಸಾರ್," ಹನುಮಂತಪ್ಪ ಕೈ ತೋರಿಸುತ್ತಿದ್ದರು. "ಆ ಬಿಳೇದು ಆಗಲೇ ಜಳಕ ಮಾಡೇತಿ. ಎರಡು ಸಲ ಎಣಿಸಬ್ಯಾಡ್ರಿ."

ಕೆಲವು ತಿಂಗಳ ನಂತರ ಯಾರ್ಡಿನ ಅರ್ಜಿ ವಾಪಸ್ಸಾಯಿತು. ಕೆರೆಯ ಬಳಿ 'ಸಂರಕ್ಷಿತ ಪ್ರದೇಶ' ಎಂಬ ಬೋರ್ಡು ಬಂತು. ಅದೂ ವಾರದೊಳಗೆ ಕೆಂಪಾಗುತ್ತಿತ್ತು. ಹನುಮಂತಪ್ಪ ಕೊಡದಲ್ಲಿ ನೀರು ತಂದು ಅದಕ್ಕೂ ಜಳಕ ಮಾಡಿಸುತ್ತಿದ್ದರು.

ನಿಮ್ಮೂರಿನ ಹಕ್ಕಿಗಳು ಎಲ್ಲಿ ಸ್ನಾನ ಮಾಡುತ್ತವೆ, ನೋಡಿದ್ದೀರಾ?