ದುಪ್ಪಟಿ ಹೊದ್ದ ಐದು ಟೈರು

ಆಸ್ಪತ್ರೆಯಲ್ಲಿ ಅವನನ್ನು ಎಲ್ಲರೂ ತಾರೀಖಪ್ಪ ಎಂದೇ ಕರೆಯುತ್ತಿದ್ದರು, ಅದೂ ಎದುರಿಗೇ. ಔಷಧಿ ಉಗ್ರಾಣದ ಬೀಗದ ಕೈ ಅವನದು. ಯಾವ ಸೀಸೆ ಕೈಗೆ ಬಂದರೂ ಒಳಗೇನಿದೆ ಎಂದು ನೋಡುವ ಮೊದಲು ಅದರ ಅವಧಿ ಯಾವಾಗ ಮುಗಿಯುತ್ತದೆ ಎಂದು ನೋಡುತ್ತಿದ್ದ. ಮನೆಯಲ್ಲೂ ಅದೇ ಚಾಳಿ. ನೆಂಟರು ತಂದ ಬಿಸ್ಕತ್ತಿನ ಪೊಟ್ಟಣವನ್ನು ಅವರ ಕಣ್ಣೆದುರೇ ತಿರುಗಿಸಿ ಓದಿ ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದ. ಬೈಗುಳಕ್ಕೆ ಅವನು ಸೊಪ್ಪು ಹಾಕುತ್ತಿರಲಿಲ್ಲ.

ಅವನಿಗೆ ಇದ್ದದ್ದು ಒಂದೇ ಹುಚ್ಚು. ಊರಿನ ದಕ್ಷಿಣಕ್ಕೆ, ಡಾಂಬರು ಮುಗಿದ ಮೇಲೆ ಒಣಗಿದ ಹೊಳೆಯೊಂದನ್ನು ದಾಟಿ ಹತ್ತಿದರೆ ಒಂದು ಬಂಡೆಬಯಲು ಸಿಗುತ್ತದೆ. ಅಲ್ಲಿ ಮರವಿಲ್ಲ, ಮನೆಯಿಲ್ಲ. ನಿಂತಲ್ಲಿಂದ ಸುತ್ತಲೂ ಆಕಾಶ ನೆಲಕ್ಕೆ ತಾಗುವುದು ಕಾಣುತ್ತದೆ ಎಂದು ಯಾರೋ ಲಾರಿಯವರು ಅವನ ಎಳವೆಯಲ್ಲಿ ಹೇಳಿದ್ದರು. ಅದು ತಲೆಯಲ್ಲಿ ಕೂತುಬಿಟ್ಟಿತು. ಮದುವೆ ಗೊತ್ತಾದಾಗ ಹುಡುಗಿಗೆ ಮಾತು ಕೊಟ್ಟ: ನಮ್ಮದೇ ಗಾಡಿಯಲ್ಲಿ ನಿನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ, ನಾವಿಬ್ಬರೂ ಮೊದಲ ಸಲ ಒಟ್ಟಿಗೇ ನೋಡೋಣ. ಹುಡುಗಿ ಹೂಂ ಅಂದಳು. ಆಕೆ ಈಗ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಮೇಲ್ವಿಚಾರಕಿ, ತಲೆ ಅರ್ಧ ನರೆತಿದೆ. ಸಣ್ಣದೊಂದು ಪಿಕಪ್ ಟ್ರಕ್ಕು ಮನೆಗೆ ಬಂತು. ಟೈರು ಬಂದವು. ಹೊರಡುವ ದಿನ ಮಾತ್ರ ಬರಲಿಲ್ಲ.

ಹೆಂಡತಿಯನ್ನು ಒಪ್ಪಲು ಅವನಿಗೆ ಒಂದು ಸಂಜೆ ಸಾಕಾಗಿತ್ತು. ಟೈರು ಒಪ್ಪಲು ಒಂದು ಬೇಸಿಗೆಯೇ ಬೇಕಾಯಿತು. ತೀರ ಅಗಲವಾದದ್ದು ನೋಡಲು ಜೋರು, ಆದರೆ ಸ್ಟೇರಿಂಗು ಭಾರವಾಗುತ್ತದೆ, ಬೇಡ. ಬರೀ ಕೆಸರಿಗೆಂದು ಮಾಡಿದ್ದರ ಹಲ್ಲು ದೊಡ್ಡದು, ಬಂಡೆಯ ಮೇಲೆ ಹಿಡಿತ ಸಾಲದು, ಬೇಡ. ಹಲ್ಲುಗಳ ಸಂದಿನಲ್ಲಿ ಕಲ್ಲು ಸಿಕ್ಕಿಕೊಳ್ಳಬಾರದು. ಎಲ್ಲಕ್ಕಿಂತ ಮುಖ್ಯ ಪಕ್ಕೆ. ಚೂಪುಗಲ್ಲು ಇರಿಯುವುದು ಅಲ್ಲೇ. ಪಕ್ಕೆಗೆ ಮೂರು ಪದರ ಕೊಟ್ಟ ಐದನ್ನು ಕೊನೆಗೆ ಮನೆಗೆ ತಂದ, ನಾಲ್ಕು ಗಾಲಿಗೆ, ಒಂದು ಸ್ಟೆಪ್ನಿಗೆ. ಇಂಥ ಮಾಲನ್ನು ಆಸ್ಪತ್ರೆಗೂ ಮಾರುಕಟ್ಟೆಗೂ ಓಡಿಸಿ ಸವೆಸುವುದುಂಟೇ? ಒಳಕೋಣೆಯಲ್ಲಿ ಒಂದರ ಮೇಲೊಂದು ಪೇರಿಸಿ ದುಪ್ಪಟಿ ಹೊದಿಸಿದ. ಅದರ ಮೇಲೆ ಹೆಂಡತಿ ಇಸ್ತ್ರಿಯಾಗಬೇಕಾದ ಬಟ್ಟೆ ಇಟ್ಟಳು. ಉಳಿಯಲು ಬಂದವರು ಕನ್ನಡಕ, ನೀರಿನ ಲೋಟ ಇಟ್ಟರು. ಅದು ಟೈರು ಎಂಬುದೇ ಎಷ್ಟೋ ಜನಕ್ಕೆ ಗೊತ್ತಾಗಲಿಲ್ಲ.

ಆಮೇಲೆ ಬಂದದ್ದು ಟೆಂಟು. ಗಾಳಿ ತುಂಬುವ ಹಾಸಿಗೆ, ಗ್ಯಾಸ್ ಒಲೆ, ಸಿಕ್ಕಿಬಿದ್ದ ಗಾಡಿ ಎಳೆಯುವ ಪಟ್ಟಿ, ಗುದ್ದಲಿ. ಪ್ರತಿ ವರ್ಷವೂ ಏನೋ ಒಂದು ಕಮ್ಮಿ ಬೀಳುತ್ತಿತ್ತು. ಆಪರೇಷನ್ ನಡುವೆ ಒಂದು ಹೊಲಿಗೆಯ ದಾರದ ಪೊಟ್ಟಣ ಇಲ್ಲದೆ ಹೋದರೆ ಏನಾಗುತ್ತದೆಂದು ಕಣ್ಣಾರೆ ಕಂಡವನು ಅವನು. ಎಲ್ಲ ಕೂಡುವ ತನಕ ಹೊರಡಬಾರದು ಎಂಬುದು ಅವನ ಮಟ್ಟಿಗೆ ಹಟವಾಗಿರಲಿಲ್ಲ, ಬುದ್ಧಿಯಾಗಿತ್ತು. ಹೀಗೆ ಕಾಡು ಮೇಡು ಸುತ್ತುವವರೆಲ್ಲ ಯಾವ ಟೈರು, ಯಾವ ಟೆಂಟು ಎಂದು ಅವನನ್ನೇ ಕೇಳಿಕೊಂಡು ಹೋಗುತ್ತಿದ್ದರು. ಹೋಗಿ, ಮೈತುಂಬ ಧೂಳು ಮಾಡಿಕೊಂಡು ವಾಪಸು ಬರುತ್ತಿದ್ದರು. ಅವನು ಅಲ್ಲೇ ಇರುತ್ತಿದ್ದ.

ಈ ವರ್ಷ ಕಾರ್ಖಾನೆಯವರು ಯಂತ್ರಗಳನ್ನು ಬೇರೆ ಕಟ್ಟಡಕ್ಕೆ ಸಾಗಿಸುವುದಿತ್ತು. ಹೆಂಡತಿಗೆ ರಜೆ ಸಿಕ್ಕಿತು.

"ರೀ, ಈ ಸಲ ಹೊರಟ್ರೆ ಹೊರಟ ಹಾಗೆ. ಇಲ್ದಿದ್ರೆ ಆ ಟೈರನ್ನ ಗುಜರಿಯವನಿಗೆ ಎತ್ತಿ ಕೊಡ್ತೀನಿ, ನನಗೆ ಕೋಣೆ ಬೇಕು."

"ಗುಜರಿಗಾ! ಏನೇ, ಆ ಮಾಲಿನ ಬೆಲೆ ಗೊತ್ತಾ ನಿನಗೆ?"

"ಗೊತ್ತು. ಅದರ ಮೇಲೇ ಅಲ್ವಾ ನಾನು ಇಷ್ಟು ವರ್ಷ ಬಟ್ಟೆ ಮಡಚಿದ್ದು."

ಅವಳು ಹಾಗೆ ಹೇಳಿದರೆ ಮಾಡುವವಳೇ. ಅವನು ರಜೆ ಹಾಕಿದ.

ಬೆಳಿಗ್ಗೆ ಸಾಮಾನೆಲ್ಲ ಪಿಕಪ್ಪಿಗೆ ಹೇರಿ, ಟೈರುಗಳನ್ನು ದುಪ್ಪಟಿಯ ಸಮೇತ ಮೇಲಿಟ್ಟುಕೊಂಡು ಇಬ್ಬರೂ ಟೈರಿನ ಅಂಗಡಿಗೆ ಹೋದರು. ಹಳೆಯದನ್ನು ಬಿಚ್ಚಿ ಇದನ್ನು ಹಾಕಿಸಿಕೊಂಡು ಅಲ್ಲಿಂದಲೇ ನೇರ ಹೊರಡುವುದು ಎಂದು ಲೆಕ್ಕ. ಅಂಗಡಿಯವನು ದುಪ್ಪಟಿ ಸರಿಸಿ ತಲೆದೂಗಿದ.

"ಭರ್ಜರಿ ಮಾಲು ಅಣ್ಣಾ. ಆರಿಸಿದವರ ಕಣ್ಣಿಗೆ ಕೈ ಮುಗಿಬೇಕು."

ತಾರೀಖಪ್ಪ ಹೆಂಡತಿಯ ಕಡೆ ನೋಡಿದ. ಅಂಗಡಿಯವನು ಕುಕ್ಕರುಗಾಲಲ್ಲಿ ಕೂತು, ಹೆಬ್ಬೆರಳಿಗೆ ಉಗುಳು ಹಚ್ಚಿ ಟೈರಿನ ಪಕ್ಕೆ ಒರೆಸಿದ. ಆಮೇಲೆ ತಲೆದೂಗಲಿಲ್ಲ.

"ಇದು ಯಾವಾಗ ತಗೊಂಡಿದ್ದು?"

"ಯಾಕೆ? ಒಂದು ಗಜಾನೂ ಓಡಿಲ್ಲ. ಹೊಸದು."

"ಓಡಿಲ್ಲ ಸರಿ. ಹೊಸದಲ್ಲ. ಇಲ್ಲಿ ಓದಿ. ಈ ನಾಲ್ಕು ಅಂಕಿ ಇದ್ಯಲ್ಲ, ಮೊದಲಿನ ಎರಡು ವಾರ, ಹಿಂದಿನ ಎರಡು ಇಸವಿ. ಟೈರು ಹುಟ್ಟಿದ ತಾರೀಖು."

ಅವನು ಓದಿದ. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ ಇನ್ನೊಮ್ಮೆ ಓದಿದ. ಊರಿನ ಸಮಸ್ತ ಸೀಸೆ ಡಬ್ಬಿಗಳನ್ನು ತಿರುಗಿಸಿ ನೋಡಿದ್ದ ಕೈ, ಇದನ್ನು ತಿರುಗಿಸಿ ನೋಡಿರಲಿಲ್ಲ. ಟೈರಿಗೆ ತಾರೀಖು! ಹಾಲೇ ಅದು, ಕೆಡುವುದಕ್ಕೆ? ಇದೊಂದು ಔಷಧಿಯಾಗಿದ್ದರೆ ಎಂದೋ ಸುಡಲು ಕಳಿಸಿರುತ್ತಿದ್ದ. ಅಂಗಡಿಯವನು ಒಂದು ಟೈರನ್ನು ಮಂಡಿಯಿಂದ ಒತ್ತಿ ಬಗ್ಗಿಸಿದ. ಮೂರು ಪದರದ ಆ ಪಕ್ಕೆಯಲ್ಲಿ, ನೋಡನೋಡುತ್ತಿದ್ದಂತೆ, ಬತ್ತಿದ ಕೆರೆಯ ತಳದಂತೆ ಬಿರುಕು ಬಾಯಿಬಿಟ್ಟವು.

"ರಬ್ಬರು ಇಟ್ಟಲ್ಲೇ ಒಣಗತ್ತೆ ಅಣ್ಣಾ. ಇದನ್ನ ಹಾಕಿ ಕಲ್ಲು ಹತ್ತಿಸಿದ್ರೆ ಪಟಾರ್. ನಾನಂತೂ ಕೈ ಹಾಕಲ್ಲ. ಇದ್ರಲ್ಲಿ ಗಿಡ ನೆಟ್ಕೊಳ್ಳಿ."

ಅವನು ಹುಚ್ಚು ಹಿಡಿದವನ ಹಾಗೆ ಗಾಡಿಯ ಸಾಮಾನನ್ನೆಲ್ಲ ರಸ್ತೆಯ ಬದಿಗೆ ಇಳಿಸತೊಡಗಿದ. ಟೆಂಟು ಬಿಚ್ಚಿದ, ನೀರು ತಡೆಯಲು ಒಳಗೆ ಬಳಿದದ್ದು ಅಂಟಂಟಾಗಿ, ಬಟ್ಟೆಗೆ ಬಟ್ಟೆ ಕಚ್ಚಿಕೊಂಡು ಚರ್ ಎಂದು ಕಿತ್ತು ಬಂತು. ಹುಳಿ ವಾಸನೆ ಮೂಗಿಗೆ ಹೊಡೆಯಿತು. ಹಾಸಿಗೆ ಮಡಿಕೆ ಮಡಿಕೆಗೂ ಸೀಳಿತ್ತು. ಒಲೆಯ ಕೊಳವೆ ಒಣಕಡ್ಡಿಯಂತೆ ಲಟಕ್ಕನೆ ಮುರಿದು ಎರಡಾಯಿತು. ಟಾರ್ಚಿನ ಹೊಟ್ಟೆಯಿಂದ ಬಿಳಿ ಪುಡಿ ಉದುರಿತು. ಸುಸ್ಥಿತಿಯಲ್ಲಿದ್ದದ್ದು ಗುದ್ದಲಿ ಒಂದೇ. ದಾರಿಹೋಕರು ನಿಂತು ನೋಡಿದರು. ಅವನು ಟೈರಿನ ರಾಶಿಯ ಮೇಲೆ ಕುಸಿದು ಕೂತ.

"ಆಯ್ತು. ಇನ್ನು ಹೋಗೋ ಹಾಗಿಲ್ಲ," ಅಂದ. "ಗಾಡೀಲಿರೋ ಮಾಮೂಲಿ ಟೈರು ಆ ದಾರೀಲಿ ಹೋಗಲ್ಲ."

"ಹೋಗತ್ತೆ," ಅಂದಳು ಹೆಂಡತಿ.

"ನಿನಗೇನು ಗೊತ್ತು, ಸುಮ್ನಿರು. ಹೊಳೆ ದಾಟಿದ ಮೇಲೆ ಬರೀ ಕಲ್ಲು."

"ಎಡಗಡೆ ದಂಡೆ ಹಿಡಿದು ಹೋದ್ರೆ ಅಷ್ಟೇನೂ ಕಲ್ಲಿಲ್ಲ."

ಅವನು ತಲೆ ಎತ್ತಿದ. "ಯಾರು ಹೇಳಿದ್ದು?"

ಅವಳು ಸೆರಗಿನ ಧೂಳು ಕೊಡವಿದಳು. ಮೊದಲೇ ಚೊಕ್ಕವಾಗಿದ್ದ ಸೆರಗು ಅದು. "ಹೋಗಿದ್ದೀನಿ," ಅಂದಳು.

"ಎಲ್ಲಿಗೆ?"

"ಅಲ್ಲಿಗೇ. ಕಾರ್ಖಾನೆ ವ್ಯಾನಲ್ಲಿ. ವ್ಯಾನ್ ಓಡಿಸೋ ಅಕ್ಕ ಇದ್ದಾಳಲ್ಲ, ಅವಳು, ನಾವು ಗುಂಡಿ-ಕಾಜಾ ವಿಭಾಗದವರು ಎಲ್ಲ. ಹೋದ ವರ್ಷ. ಅದರ ಹಿಂದಿನ ವರ್ಷಾನೂ."

"ನಿಮ್ಮಕ್ಕನ ಮನೆಗೆ ಅಂತ ಹೋಗಿದ್ಯಲ್ಲೇ!"

"ಅಕ್ಕನೂ ಬಂದಿದ್ಲು."

ಅಂಗಡಿಯವನು ಕಳೆದುಹೋಗದ ಸ್ಪ್ಯಾನರೊಂದನ್ನು ಹುಡುಕಿಕೊಂಡು ಒಳಗೆ ಹೋದ. ತಾರೀಖಪ್ಪನಿಗೆ ಒಂದೊಂದೇ ನೆನಪಾಯಿತು. ಅಕ್ಕನ ಮನೆಯಿಂದ ಬಂದವಳ ಮೂಗು ಬಿಸಿಲಿಗೆ ಸಿಪ್ಪೆ ಎದ್ದಿತ್ತು. ಚಪ್ಪಲಿಯಲ್ಲಿ ಕೆಂಪು ಧೂಳಿತ್ತು. ನಿಮ್ಮಕ್ಕ ಕಸ ಗುಡಿಸುವುದಿಲ್ಲವೇ ಎಂದು ಹಾಸ್ಯ ಮಾಡಿದ್ದು ತಾನೇ. ಅವಳು ತಂದ ಬಿಸ್ಕತ್ತಿನ ತಾರೀಖನ್ನು ಮಾತ್ರ ಅಂದೂ ಸರಿಯಾಗಿ ಓದಿದ್ದ.

"ಹೇಳಬೇಕಿತ್ತು," ಅಂದ.

"ಹೇಳಿದ್ರೆ ನೀವು ಆ ವ್ಯಾನಿನ ಟೈರು ನೋಡಿ ಏನಂತಿದ್ರಿ?"

"ಯಾವ ಟೈರಿತ್ತು ಅದಕ್ಕೆ?"

"ಸವೆದ ಟೈರು."

"ಮಲಗಿದ್ದು?"

"ಟಾರ್ಪಾಲಿನ ಕೆಳಗೆ. ಚೆನ್ನಾಗಿ ನಿದ್ದೆ ಬಂತು."

"ಹಾಗಾದ್ರೆ ಈಗ ನಾನ್ಯಾಕೆ? ಎರಡು ಸಲ ನೋಡಿ ಆಯ್ತಲ್ಲ ನಿನಗೆ."

"ನೀವು ನೋಡಿಲ್ವಲ್ಲ," ಅಂದಳು ಅವಳು. "ಇನ್ನೂ ಹೇಳ್ತಾ ಕೂತ್ರೆ ಬಿಸಿಲೇರತ್ತೆ."

ಮಾತು ಕೊಟ್ಟಿದ್ದು ಅವನು. ಅದನ್ನು ಅವನಿಲ್ಲದೆಯೇ ತೀರಿಸಿಕೊಂಡವಳು ಅವಳು. ಮನೆಗೆ ಹಿಂದಿರುಗಿ ಬಾಗಿಲು ಹಾಕಿಕೊಂಡುಬಿಡುವ ಎಂದು ಅವನಿಗೆ ಅನ್ನಿಸದೆ ಇರಲಿಲ್ಲ. ಹಾಗೆ ಮಾಡಿದ್ದರೆ ಆಕೆ ಕೋಣೆ ಖಾಲಿ ಮಾಡಿಕೊಂಡು ಸುಮ್ಮನಾಗುತ್ತಿದ್ದಳು, ಇನ್ನೊಮ್ಮೆ ಕೇಳುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಎದ್ದು, ಚೆಲ್ಲಾಡಿದ ಸಾಮಾನಿನ ನಡುವಿನಿಂದ ಗುದ್ದಲಿಯನ್ನು ಎತ್ತಿ ಗಾಡಿಗೆ ಹಾಕಿದ. ದುಪ್ಪಟಿಯನ್ನೂ ಕೊಡವಿ ಹಾಕಿದ. ಹೆಂಡತಿ ಅಡುಗೆಯ ಪಾತ್ರೆ, ದಿನಸಿಯ ಚೀಲ ಮತ್ತೆ ಹೇರಿದಳು. ಅಂಗಡಿಯವನು ಗಾಡಿಯ ಹಳೆಯ ಟೈರುಗಳನ್ನು ಕೂತು ನೋಡಿ ಇವಕ್ಕೇನೂ ಮೋಸವಿಲ್ಲ ಅಂದ. ಒಂದು ಟಾರ್ಪಾಲನ್ನು ಎರವಲು ಕೊಟ್ಟು ಐದು ಟೈರನ್ನೂ ಉಳಿದ ಸಾಮಾನನ್ನೂ ತನ್ನ ಗೋಡೆಗೆ ಒರಗಿಸಿಕೊಂಡ.

ಡಾಂಬರು ಮುಗಿದಲ್ಲಿ ಅವಳು ಗಾಡಿ ನಿಲ್ಲಿಸಲು ಹೇಳಿದಳು. ಇಳಿದು, ತಲೆಪಿನ್ನು ತೆಗೆದು, ಗಾಲಿಯ ವಾಲ್ವಿಗೆ ಒತ್ತಿ ಹಿಡಿದಳು. ಸುಂಯ್ ಎಂದು ಗಾಳಿ ಹೊರಬಿತ್ತು; ಅಂಗೈಯಿಂದ ಪಕ್ಕೆ ಒತ್ತಿ ನೋಡಿ ಮುಂದಿನ ಗಾಲಿಗೆ ಹೋದಳು. ಕಲ್ಲಿನ ದಾರಿಗೆ ಗಾಳಿ ಇಳಿಸಬೇಕೆಂದು ಅವನು ಎಷ್ಟೋ ಜನಕ್ಕೆ ಪಾಠ ಹೇಳಿದ್ದ. ಇಳಿಯುವಾಗ ಅದು ಇಷ್ಟು ಸದ್ದು ಮಾಡುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಎಡದಂಡೆ ಹಿಡಿದು, ಅವಳು ಕೈ ತೋರಿಸಿದ ಕಡೆ ತಿರುಗಿಸುತ್ತ, ಹೊಳೆಯಲ್ಲಿ ಒಮ್ಮೆ ಗಾಲಿ ಹೂತಾಗ ಗುದ್ದಲಿಯಿಂದ ಅಗೆಯುತ್ತ, ಹೊತ್ತು ಮುಳುಗುವ ಮೊದಲು ಹತ್ತಿದರು. ಲಾರಿಯವರು ಹೇಳಿದ್ದು ನಿಜವಾಗಿತ್ತು. ಸುತ್ತಲೂ ಆಕಾಶ ನೆಲಕ್ಕೆ ತಾಗಿತ್ತು, ನಡುವೆ ಏನೂ ಇರಲಿಲ್ಲ. ಅವನು ಬಾಗಿಲು ತೆಗೆದವನು ಹಾಗೇ ಒಂದು ಕಾಲು ಕೆಳಗಿಟ್ಟು ನಿಂತುಬಿಟ್ಟ.

ಹೆಂಡತಿ ಅಷ್ಟರಲ್ಲಿ ದುಪ್ಪಟಿ, ಪಾತ್ರೆ ತೆಗೆದುಕೊಂಡು ದೊಡ್ಡ ಬಂಡೆಯೊಂದರ ಮರೆಗೆ ನಡೆದಿದ್ದಳು, ಸ್ವಂತ ಅಡುಗೆಮನೆಗೆ ಹೋಗುವವಳ ಹಾಗೆ. ಅವನು ಹಿಂದೆಯೇ ಹೋದ. ಅಲ್ಲಿ ಮೂರು ಕಲ್ಲಿನ ಒಲೆಯಿತ್ತು. ಅವಳು ಪಾತ್ರೆ ಅದರ ಮೇಲಿಟ್ಟಳು, ಅಲುಗಾಡದೆ ಕೂತಿತು. ಅವನು ಬಗ್ಗಿ ಒಂದು ಕಲ್ಲಿನ ಒಳಮೈಯನ್ನು ಮುಟ್ಟಿದ. ಬೆರಳಿಗೆ ಮಸಿ ಹತ್ತಿತು.

"ಇದು ಹೋದ ವರ್ಷದ್ದಾ, ಅದರ ಹಿಂದಿನದಾ?"

"ಎರಡೂ," ಅಂದಳು ಅವಳು. "ಹೋಗಿ ಕೆಳಗಿನ ಕುರುಚಲಿಂದ ನಾಲ್ಕು ಪುಳ್ಳೆ ತನ್ನಿ."

ಅವನು ತಕ್ಷಣ ಹೋಗಲಿಲ್ಲ. ಬೆರಳನ್ನು ಬೆಳಕಿಗೆ ಹಿಡಿದು, ಅಲ್ಲೂ ತಾರೀಖೇನಾದರೂ ಬರೆದಿದೆಯೋ ಎಂಬಂತೆ, ಮಸಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ.