ವ್ಯಾಸಪೀಠ ಏರಿದ ಕಾದಂಬರಿ

ನಮ್ಮ ಮನೆಯಲ್ಲಿ ಉಳ್ಳಾಗಡ್ಡಿ ಬಂದ್ ಆಗಿದೆ. ಬೆಳ್ಳುಳ್ಳಿಯೂ. ಕಾರಣ ರೇಟ್ ಅಲ್ಲ, ಡಾಕ್ಟರೂ ಅಲ್ಲ. ಒಂದು ಕಾದಂಬರಿ!

ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ನನ್ನ ಮೇಲೆ ಹರಿಹಾಯುತ್ತೀರಿ, ಇನ್ನರ್ಧ ಜನ 'ನಾವೂ ಓದಿದ್ದೇವೆ' ಎಂದು ಸುಳ್ಳು ಹೇಳುತ್ತೀರಿ. ಎಲ್ಲರೂ ಓದಲೇಬೇಕು ಎನ್ನುವ ದಪ್ಪ ಕ್ಲಾಸಿಕ್, ಅಷ್ಟು ಸಾಕು. ಕಾಲೇಜಿನಲ್ಲಿ ಪಾಠ ಮಾಡುವವಳು ಇದನ್ನು ಓದಿಲ್ಲ ಎಂದರೆ ಮರ್ಯಾದೆ ಉಳಿಯುತ್ತದೆಯೇ? ರಜೆ ಸಿಕ್ಕಿತು, ಹಿಡಿದು ಕುಳಿತೆ. ಎರಡೇ ದಿನಕ್ಕೆ ಮಣಿಕಟ್ಟು ನೋಯತೊಡಗಿತು. ದೇವರ ಕೋಣೆಯಲ್ಲಿ ಪುರಾಣದ ಪೋಥಿ ಇಟ್ಟು ಓದುವ ಕಟ್ಟಿಗೆಯ ವ್ಯಾಸಪೀಠ ಖಾಲಿ ಬಿದ್ದಿತ್ತಲ್ಲ, ತಂದು ಅದರ ಮೇಲೆ ಪುಸ್ತಕ ಇಟ್ಟೆ.

ಅಲ್ಲೇ ಎಡವಟ್ಟಾಯಿತು.

ಅಕ್ಕೋಳದ ನಮ್ಮ ಓಣಿಯಲ್ಲಿ ಪೀಠದ ಮೇಲೆ ಪುಸ್ತಕ ಏರಿತೆಂದರೆ ಪಾರಾಯಣ ಶುರುವಾಯಿತು ಎಂದೇ ಅರ್ಥ. ಹೆಪ್ಪಿಗೆ ಮೊಸರು ಕೇಳಲು ಬಂದ ಪಕ್ಕದ ಮನೆಯ ಅಕ್ಕಾತಾಯಿ ಚಪ್ಪಲಿ ಬಿಟ್ಟು ಕೈಮುಗಿದಳು. "ಯಾವ ದೇವರ ಪೋಥಿರಿ ಬಾಯಾರ?"

"ದೇವರದ್ದಲ್ರಿ, ಕಾದಂಬರಿ."

ಒಳಗಿಂದ ಅತ್ತೆ ಬಂದರು. "ಯಾವುದರ ಇರ್ಲಿ. ಪೀಠ ಏರಿದ ಮ್ಯಾಲ ಅದು ಪೋಥೀನ. ಅರ್ಧಕ್ಕ ಬಿಟ್ರ ಮನಿಗಿ ಚಲೋ ಅಲ್ಲ. ಮುಗಿಯೂತನಕ ಮನ್ಯಾಗ ಉಳ್ಳಾಗಡ್ಡಿ ಬಳ್ಳೊಳ್ಳಿ ಬ್ಯಾಡ."

ಪೀಠ ತೆಗೆದುಬಿಟ್ಟರಾಯಿತಲ್ಲ ಎಂದೆ. ಅವರು ನೋಡಿದ ನೋಟಕ್ಕೆ ಮುಂದಿನ ಪುಟ ತಿರುವಿದೆ.

ನನ್ನ ಗಂಡ ಉಳ್ಳಾಗಡ್ಡಿ ಇಲ್ಲದೆ ರೊಟ್ಟಿ ಮುರಿಯದ ಮನುಷ್ಯ. ಕಬ್ಬಿನ ಹೊಲದಿಂದ ಬಂದವರೇ ತಾಟಿಗಿಂತ ಮೊದಲು ಪುಸ್ತಕ ನೋಡುತ್ತಾರೆ. "ಎಲ್ಲಿಗಿ ಬಂತು ಕತಿ?"

"ನಾಯಕ ಇನ್ನೂ ತೊಟ್ಲಾಗ ಅದಾನ್ರಿ."

"ಇನ್ನೂ? ಲಗೂನ ದೊಡ್ಡಾಂವ ಆಗಂತ ಹೇಳ ಅವಂಗ!"

ಏನು ಮಾಡಲಿ? ಆ ಲೇಖಕರಿಗೆ ಅವಸರ ಎಂಬುದೇ ಇಲ್ಲ. ಬಾವಿಯ ಮೆಟ್ಟಿಲು ಇಳಿಯಲು ಒಂದು ಇಡೀ ಅಧ್ಯಾಯ! ಬಯ್ಯುತ್ತಲೇ ಓದುತ್ತೇನೆ. ಅಷ್ಟರಲ್ಲಿ ನಾಯಕನ ಮನೆಯ ಸಣ್ಣ ಸೊಸೆ ಬರುತ್ತಾಳೆ. ಯಾರಿಗೂ ಕೇಳಿಸಬಾರದೆಂದು ಬಾಯಿ ಮುಚ್ಚಿಕೊಂಡೇ ಹಾಡುತ್ತ ಜೋಳ ಬೀಸುತ್ತಾಳೆ. ಅಷ್ಟೇ, ನನ್ನ ಒಲೆಯ ಮೇಲಿನ ಹಾಲು ಉಕ್ಕಿ ಹೋಗಿರುತ್ತದೆ. ಹೀಗೆ ಬರೆಯುವ ಮನುಷ್ಯನ ಕಾಲಿಗೆ ಬೀಳಬೇಕೋ, ಕೊರಳಪಟ್ಟಿ ಹಿಡಿಯಬೇಕೋ? ದಿನಾ ಬಂದು ಕತೆ ಕೇಳುವ ಅಕ್ಕಾತಾಯಿಗಂತೂ ಸಣ್ಣ ಸೊಸೆಯ ಮೇಲೆ ಪ್ರಾಣ.

ಹೀಗಿರುವಾಗ ಅತ್ತೆ ನನ್ನನ್ನು ಒಂದು ಮಾತೂ ಕೇಳದೆ ಹುಣ್ಣಿಮೆಗೆ ಪಾರಾಯಣದ ಮಂಗಲ ಎಂದು ಸಾರಿದರು. ಓಣಿಯ ಹೆಂಗಸರಿಗೆಲ್ಲ ಹೋಳಿಗೆ ಊಟದ ಆಮಂತ್ರಣ ಹೋಯಿತು. ಪುಸ್ತಕ ಇನ್ನೂ ಅರ್ಧ! ಮುಗಿಯದಿದ್ದರೆ ಬಂದವರೆದುರು ಅತ್ತೆಯ ಮುಖ ಏನಾಗಬೇಕು? ದಾಯಾದಿಗಳ ಕೋರ್ಟ್ ಕೇಸಿನ ಭಾಗವನ್ನು ಕಂತೆಗಟ್ಟಲೆ ಹಾರಿಸಿದೆ. (ಕೋರ್ಟಿನ ಕತೆ ಬೇಕಿದ್ದರೆ ಚಿಕ್ಕೋಡಿಗೆ ಹೋದರಾಯಿತು, ಪುಸ್ತಕ ಯಾಕೆ?)

ಹುಣ್ಣಿಮೆ ಬಂತು. ಅತ್ತೆ ಪುಸ್ತಕಕ್ಕೆ ಅರಿಷಿಣ ಕುಂಕುಮ ಹಚ್ಚಿದರು. (ಲೈಬ್ರರಿಯದು! ಇನ್ನು ದೇವರೇ ಗತಿ.) ಪದ್ಧತಿಯಂತೆ ಕೊನೆಯ ಅಧ್ಯಾಯವನ್ನು ನಾನು ಜೋರಾಗಿ ಓದಬೇಕು. ಓದಿದೆ. ಮುಪ್ಪಾದ ನಾಯಕ ಅದೇ ಬಾವಿಯ ಮೆಟ್ಟಿಲು ಇಳಿಯುತ್ತ ತನ್ನವರನ್ನೆಲ್ಲ ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯುತ್ತಾನೆ. ಹೆಂಗಸರೆಲ್ಲ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನ್ನ ಗಂಡ ಆಗಲೇ ಅಡುಗೆಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚಲು ಕುಳಿತಿದ್ದರು.

ಅಕ್ಕಾತಾಯಿ ಮೂಗು ಒರೆಸಿಕೊಂಡು ಕೇಳಿದಳು. "ಅಲ್ರಿ ಬಾಯಾರ, ಎಲ್ಲಾರ ಹೆಸರೂ ಬಂತು, ಸಣ್ಣ ಸೊಸೀದು ಬರಲಿಲ್ಲ. ಆಕಿ ಏನಾದ್ಲರಿ?"

ನನಗೇನು ಗೊತ್ತು? ಕೋರ್ಟ್ ಕೇಸಿನ ನಡುವೆ ಎಲ್ಲಿ ಹೋದಳೋ!

ಅತ್ತೆ ನನ್ನ ಮುಖ ನೋಡಿದರು. "ನಡುವ ಹಾರಿಸಿದಿ?"

ಪುಸ್ತಕದ ಮೇಲಿನ ಕುಂಕುಮ ಒರೆಸತೊಡಗಿದೆ.

"ಊಟಕ್ಕ ಏಳ್ರಿ ಎಲ್ಲಾರೂ. ಆದ್ರ ಮಂಗಲ ಆಗಿಲ್ಲ. ನಾಳಿಂದ ಮತ್ತ ಮದಲಿನಿಂದ ಓದತಾಳ."

ಬಾಗಿಲಲ್ಲಿ ನಿಂತಿದ್ದ ನನ್ನ ಗಂಡನ ಕೈಯಲ್ಲಿ ಅರ್ಧ ಹೆಚ್ಚಿದ ಉಳ್ಳಾಗಡ್ಡಿ ಇತ್ತು. ಕಣ್ಣಲ್ಲಿ ನೀರೂ ಇತ್ತು.

ಸಿಟ್ಟು ಬಂತೇ? ಬಂತು. ಆದರೆ ಮರುದಿನ ಪೀಠದ ಮುಂದೆ ಕುಳಿತಾಗ, ನಾಚಿಕೆ ಬಿಟ್ಟು ಹೇಳುತ್ತೇನೆ, ಖುಷಿಯಾಯಿತು. ಅಕ್ಕಾತಾಯಿಗಿಂತ ನನಗೇ ಈಗ ತಡೆಯಲಾಗುತ್ತಿಲ್ಲ.

ಸಣ್ಣ ಸೊಸೆ ಏನಾದಳೆಂದು ನಿಮಗೆ ಗೊತ್ತಿದ್ದರೆ ನನಗೆ ಹೇಳಬೇಡಿ. ನನ್ನ ಗಂಡನಿಗಂತೂ ಹೇಳಲೇಬೇಡಿ, ಒಂದು ಉಳ್ಳಾಗಡ್ಡಿಗಾಗಿ ಎಲ್ಲ ಬಾಯಿಬಿಟ್ಟಾರು!