ದುಂಡಪ್ಪ ಕಟ್ಟಿಸಿದ ಬಾಗಿಲಿಲ್ಲದ ಗೋಡೆ

ಖಾನಾಪುರದಲ್ಲಿ ಹಂಚಿನ ಭಟ್ಟಿ ನಡೆಸುತ್ತಿದ್ದ ದುಂಡಪ್ಪ ಹೆದರುಪುಕ್ಕಲನಲ್ಲ. ಮಳೆಗಾಲದಲ್ಲಿ ಹಂಚಿನ ರಾಶಿಯೊಳಗೆ ಬಂದು ಮಲಗಿದ ನಾಗರಹಾವನ್ನು ಕೋಲಿನಿಂದ ಮೆಲ್ಲಗೆ ಎಬ್ಬಿಸಿ, "ಹೋಗಪಾ, ಇಲ್ಲಿ ನಮಗ ಕೆಲಸ ಐತಿ" ಎಂದು ಕಳಿಸಿಕೊಡುವ ಗಂಡಸು. ಅಂಥವನು ಹತ್ತು ವರ್ಷ ಒಂದು ಅಂಕಿಗೆ ಹೆದರಿ ಬದುಕಿದ. ಆ ಅಂಕಿ ಇಪ್ಪತ್ತು.

ಭಯ ಅಂಟಿಕೊಂಡದ್ದು 1974ರಲ್ಲಿ. ಬೆಳಗಾವಿಯ ಕ್ಯಾಂಪಿನಲ್ಲಿ ಹಳೆಯ ಬಂಗಲೆಯೊಂದಕ್ಕೆ ಹಂಚು ಇಳಿಸಿ ಚಹಾ ಕುಡಿಯಲು ನಿಂತಿದ್ದ. ಪಕ್ಕದ ಬೆಂಚಿನಲ್ಲಿ ಯಾರೋ ಫೌಂಡ್ರಿ ಮಾಲೀಕ ತನ್ನ ಗೆಳೆಯನಿಗೆ ಹೇಳುತ್ತಿದ್ದ: "ಇಪ್ಪತ್ತು ಮಂದಿ ಆದ್ರು ಅಂದ್ರ ಪಿಎಫ್ ಕಾಯ್ದೆ ಬಂದು ಕೊರಳಿಗೆ ಬೀಳತೈತಿ ನೋಡು. ಆಮ್ಯಾಲ ಇನ್ಸ್‌ಪೆಕ್ಟರು, ರಜಿಸ್ಟರು, ದಂಡ. ಹತ್ತೊಂಬತ್ತಕ್ಕ ನಿಂದರಸಬೇಕು." ದುಂಡಪ್ಪ ಚಹಾದ ಕಪ್ಪು ಕೆಳಗಿಟ್ಟ. ಹಿಂದಿನ ದಿನವಷ್ಟೇ ಸಾತವ್ವ ಎಂಬ ಹೆಣ್ಣುಮಗಳನ್ನು ಹೊಸದಾಗಿ ಕೆಲಸಕ್ಕೆ ತೆಗೆದುಕೊಂಡಿದ್ದ. ಬೆರಳು ಮಡಚಿ ಎಣಿಸಿದ. ಅವಳೇ ಇಪ್ಪತ್ತನೆಯವಳು.

ಆ ಮಾಲೀಕನನ್ನೇ ಇನ್ನೆರಡು ಮಾತು ಕೇಳಬಹುದಿತ್ತು. ಬಲ್ಲವರ ಹತ್ತಿರ ಹೋಗಿ ವಿಚಾರಿಸಬಹುದಿತ್ತು. ಆದರೆ ಅರ್ಧ ಮಾತು ಕೇಳಿ ಉಳಿದರ್ಧವನ್ನು ತಾನೇ ಹೊಂದಿಸಿಕೊಳ್ಳುವುದು ದುಂಡಪ್ಪನ ಹುಟ್ಟುಗುಣ. ಲಾರಿ ಖಾನಾಪುರ ಮುಟ್ಟುವಷ್ಟರಲ್ಲಿ ಅವನ ತಲೆಯಲ್ಲಿ ಉಪಾಯ ಸಿದ್ಧವಾಗಿತ್ತು: ಅಂಗಳದ ನಡುವೆ ಒಂದು ಗೋಡೆ. ಗೋಡೆಯ ಈಚೆ ಎತ್ತು ಕಟ್ಟಿ ಮಣ್ಣು ಕಲಸುವ ಕೆಲಸ, ಅದು ದುಂಡಪ್ಪನ ಕಾರ್ಖಾನೆ. ಆಚೆ ಅಚ್ಚು ಹಾಕಿ ಹಂಚು ಒಣಗಿಸುವ ಕೆಲಸ, ಅದು ಹೆಂಡತಿ ಶಿವಬಸವ್ವನ ಹೆಸರಿನ ಬೇರೆ ಕಾರ್ಖಾನೆ. ಎರಡು ಬೋರ್ಡು, ಈ ಕಡೆ ಹತ್ತು ಜನ, ಆ ಕಡೆ ಹತ್ತು ಜನ. ಇಪ್ಪತ್ತು ಎಲ್ಲಿಂದ ಬರಬೇಕು?

ವಾರದಲ್ಲಿ ಗೋಡೆ ಎದ್ದಿತು. ಆಳೆತ್ತರಕ್ಕೆ ಸ್ವಲ್ಪ ಕಡಿಮೆ. ಬಾಗಿಲು ಎಲ್ಲಿಡಬೇಕು ಎಂದು ಗೌಂಡಿ ಕೇಳಿದಾಗ ದುಂಡಪ್ಪ ಹೌಹಾರಿದ. "ಬಾಗಲಾ ಇಟ್ರ ಎರಡೂ ಒಂದ ಅಂತಾರಲೇ! ಬಾಗಲಾ ಗೀಗಲಾ ಏನೂ ಬ್ಯಾಡ."

ಹೀಗಾಗಿ ಕಲಸಿದ ಮಣ್ಣಿನ ಮುದ್ದೆಗಳನ್ನು ಈ ಕಡೆಯವರು ಗೋಡೆಯ ಮೇಲೆತ್ತಿ ಕೊಡಬೇಕು, ಆ ಕಡೆಯವರು ಇಳಿಸಿಕೊಳ್ಳಬೇಕು. ಚಹಾದ ಕಿಟ್ಲಿಯೂ ಹಾಗೆಯೇ ದಾಟುತ್ತಿತ್ತು. ಜಗಳಗಳೂ ಹಾಗೆಯೇ. ಗೋಡೆಯ ಕೊನೆಯಲ್ಲಿ ಭಟ್ಟಿ ನಿಂತಿತ್ತು. ಅದನ್ನು ಸೀಳುವುದಕ್ಕೆ ಮಾತ್ರ ದುಂಡಪ್ಪನ ಕೈಲಾಗಲಿಲ್ಲ. ಪ್ರತಿ ಮಳೆಗಾಲಕ್ಕೆ ಗೋಡೆ ಒಂದೊಂದು ಕಡೆ ಕುಸಿಯುತ್ತಿತ್ತು. ಮನೆಯ ಚಾವಣಿ ಸೋರಿದರೆ ನಾಳೆ ನೋಡೋಣ ಎನ್ನುವ ಮನುಷ್ಯ, ಗೋಡೆ ಬಿದ್ದರೆ ತಲೆಗೆ ಗೋಣಿಚೀಲ ಹೊದ್ದು ಮಳೆಯಲ್ಲೇ ಕಟ್ಟಲು ನಿಲ್ಲುತ್ತಿದ್ದ.

ಶಿವಬಸವ್ವ ತನ್ನ ಮಾಲಕಿತನವನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಗಂಡ ಊಟಕ್ಕೆ ಕುಳಿತಾಗಲೆಲ್ಲ ಚುಚ್ಚುವಳು: "ನನ್ನ ಕಾರ್ಖಾನ್ಯಾಗ ಕೆಲಸ ಚಲೋ ನಡದೈತ್ರಿ. ನಿಮ್ಮ ಕಡೇವರ ಮಣ್ಣು ತಡಾ ಮಾಡಿ ಕೊಡ್ತಾರ, ನೋಡಿಕೋರಿ." ದುಂಡಪ್ಪ ತಲೆ ಎತ್ತದೆ ರೊಟ್ಟಿ ಮುರಿಯುತ್ತಿದ್ದ.

ಇಪ್ಪತ್ತನೆಯವಳಾಗಿ ಬಂದ ಸಾತವ್ವ ಈ ಹತ್ತು ವರ್ಷಗಳಲ್ಲಿ ಭಟ್ಟಿಯ ಜೀವವಾಗಿ ಬೆಳೆದಿದ್ದಳು. ಹಸಿ ಹಂಚುಗಳನ್ನು ಭಟ್ಟಿಯೊಳಗೆ ಜೋಡಿಸುವುದು ಹುಡುಗಾಟವಲ್ಲ. ಒತ್ತಾಗಿ ಇಟ್ಟರೆ ಬೇಯುವುದಿಲ್ಲ, ಸಡಿಲವಾಗಿ ಇಟ್ಟರೆ ಸೀಳುತ್ತವೆ. ಸಾತವ್ವ ಜೋಡಿಸಿದ ಭಟ್ಟಿಯಲ್ಲಿ ಒಡೆದ ಹಂಚು ಹುಡುಕಬೇಕಾಗುತ್ತಿತ್ತು. ಗಂಡ ತೀರಿಕೊಂಡಿದ್ದ. ಶಾಲೆಗೆ ಹೋಗುವ ಒಬ್ಬಳೇ ಮಗಳು, ಹೆಸರು ಸಂಗವ್ವ.

1984ರ ಬೇಸಗೆಯಲ್ಲಿ ಒಂದು ಸಂಜೆ ಸಾತವ್ವ ಕೈತೊಳೆದುಕೊಂಡು ದುಂಡಪ್ಪನ ಮುಂದೆ ಬಂದು ನಿಂತಳು. "ಸಾವ್ಕಾರ್ರ, ಈ ಭಟ್ಟಿ ಮುಗಿದ ಮ್ಯಾಲ ನಾ ಬರೂದಿಲ್ರಿ. ಸ್ಟೇಷನ್ ಕಡೆ ಫ್ಯಾಕ್ಟರಿಗೆ ಹೊಂಟೀನಿ."

ದುಂಡಪ್ಪ ಎದ್ದು ನಿಂತ. "ಯಾಕವಾ? ಪಗಾರ ಸಾಲವಲ್ದೇನು? ಹೆಚ್ಚಿಗಿ ಮಾಡೂಣು."

"ಪಗಾರದ ಮಾತಲ್ರಿ. ಅಲ್ಲಿ ನಮ್ಮ ಅಕ್ಕ ಭರಮವ್ವ ಅದಾಳಲ್ಲ, ಆಕಿ ಹೆಸರು ಪಿಎಫಿಗೆ ಬರಕೊಂಡಾರ. ಮೊನ್ನೆ ಮಗಳ ಮದಿವ್ಯಾಗ ಯಾರ ಮುಂದೂ ಕೈ ಒಡ್ಡಲಿಲ್ರಿ ಆಕಿ, ತನ್ನ ರೊಕ್ಕಾನ ತಗೊಂಡ್ಲು. ನಂದೂ ಒಂದು ಕೂಸು ಐತಿ. ನಾಳೆ ನನಗೇನರೆ ಆದ್ರ ಅದರ ಪಾಲಿಗೆ ಏನೈತಿ ಹೇಳ್ರಿ?"

ಇಳಕಲ್ ಸೀರೆ ಕೊಡಿಸುತ್ತೇನೆ ಎಂದು ದುಂಡಪ್ಪನ ಬಾಯಿಗೆ ಬಂತು, ನಾಚಿಕೆಯಾಗಿ ನುಂಗಿಕೊಂಡ. ಸಾತವ್ವ ಹೋದರೆ ಭಟ್ಟಿ ಹೋದಂತೆ ಎಂಬುದು ಅವನಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅವಳ ಮಾತು ನ್ಯಾಯದ್ದು ಎಂಬುದೂ ಗೊತ್ತಿತ್ತು. ಅದೇ ಅವನನ್ನು ಹೆಚ್ಚು ಕಾಡಿತು.

ಮರುದಿನ ಬೆಳಗಾವಿಯ ಬಸ್ಸು ಹತ್ತಿದ. ರವಿವಾರ ಪೇಟೆಯಲ್ಲಿ ಕಾಳಿನ ಅಂಗಡಿಯ ಮೇಲಿನ ಕೋಣೆಯಲ್ಲಿ ತವನಪ್ಪ ಕೂರುತ್ತಿದ್ದ. ಸಣ್ಣ ಅಂಗಡಿಕಾರರಿಗೆ, ಕಾರ್ಖಾನೆಯವರಿಗೆ ಸೇಲ್ಸ್ ಟ್ಯಾಕ್ಸ್ ಲೆಕ್ಕ ಬರೆದುಕೊಟ್ಟು, ಸರಕಾರ ಯಾವ ಕಾಯ್ದೆ ಬದಲಿಸಿತು, ಯಾವ ಹೊಸದು ತಂದಿತು ಎಂದು ತಿಳಿಸಿ ಹೇಳುವುದು ಅವನ ಕಸಬು. ಕೆಲಸಗಾರರಿಗೆ ವೃತ್ತಿ ತೆರಿಗೆ ಬಂದಾಗ ಪೇಟೆಗೆ ಪೇಟೆಯೇ ಅವನ ಮೆಟ್ಟಿಲು ಸವೆಸಿತ್ತು. ಜೈನರ ಮನೆಯವನು, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಆದ್ದರಿಂದ ಸಂಜೆ ಬಂದವರಿಗೆ ಅವನ ಸಲಹೆ ತೀರ ಚುಟುಕಾಗಿರುತ್ತಿತ್ತು. ದುಂಡಪ್ಪ ಹೋದದ್ದು ಸರಿಯಾಗಿ ಆ ಹೊತ್ತಿಗೆ.

"ತವನಪ್ಪನವರ, ಒಬ್ಬಾಕಿ ಹೆಸರು ಅಷ್ಟ ಪಿಎಫಿಗೆ ಹಾಕಸಾಕ ಬರತೈತೇನ್ರಿ?"

"ಒಬ್ಬರಿಗೆ ಅಂತ ಬರೂದಿಲ್ರಿ, ಕಾರ್ಖಾನಿಗೆ ಬರತದ. ಮಂದಿ ಎಷ್ಟದಾರ?"

"ಗೋಡಿ ಈ ಕಡೆ ಹತ್ತು, ಆ ಕಡೆ ಹತ್ತು."

"ಎಂಥಾ ಗೋಡಿ?" ತವನಪ್ಪ ಕೋಟು ಹಾಕಿಕೊಳ್ಳುತ್ತಿದ್ದವನು ಒಂದೇ ತೋಳು ತೂರಿಸಿ ಹಾಗೆಯೇ ನಿಂತ.

ವರ್ಷ ವರ್ಷ ಬಂದು ಹೋಗುತ್ತಿದ್ದರೂ ದುಂಡಪ್ಪ ಇವನ ಮುಂದೆ ಗೋಡೆಯ ಸುದ್ದಿ ಎತ್ತಿರಲಿಲ್ಲ. ಹೆಂಡತಿಯದು ಬೇರೆ ಧಂದೆ ಎಂದಷ್ಟೇ ಹೇಳಿದ್ದ. ಈಗ ಬುಡದಿಂದ ಹೇಳಿದ. ತವನಪ್ಪ ಮತ್ತೆ ಕುಳಿತ. "ಭಟ್ಟಿ ಎಷ್ಟು?" "ಒಂದ." "ಹಂಚು ಮಾರೋರು ಯಾರು?" "ನಾನ." "ಪಗಾರ ಕೊಡೋರು?" "ಅದೂ ನಾನ."

ತವನಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕ. "ದುಂಡಪ್ಪಣ್ಣಾರ, ಸರಕಾರ ನಿಮ್ಮ ಗೋಡಿ ನೋಡೂದಿಲ್ರಿ, ಹೊಗಿ ನೋಡತದ. ಹೊಗಿ ಒಂದ ಇದ್ರ ಕಾರ್ಖಾನಿ ಒಂದ. ಹತ್ತು ವರ್ಷದಿಂದ ನೀವು ಕಾಯ್ದೆದಾಗ ಇದ್ದೀರಿ. ಗೋಡಿ ಕಟ್ಟಿದ ಖರ್ಚೂ ದಂಡ, ಮಂದಿ ಮಣ್ಣು ಎತ್ತಿದ್ದೂ ದಂಡ."

ದುಂಡಪ್ಪ ಮುಂದೆ ಬಾಗಿದ. "ಹಂಗಾದ್ರ ಹಿಂದಿಂದೆಲ್ಲಾ ಕಟ್ಟಬೇಕೇನ್ರಿ?"

"ಕಟ್ಟಬೇಕಾಗತದ. ಕಂತು ಮಾಡಿ ಕೊಡ್ರಿ ಅಂತ ಕೇಳೂಣು. ತಾವಾಗೇ ಬಂದವರನ್ನ ನೋಡೂದು ಬ್ಯಾರೆ, ಹಿಡದು ತಂದವರನ್ನ ನೋಡೂದು ಬ್ಯಾರೆ. ಪಿಎಫ್ ಅಧಿಕಾರಿಗೆ ನಾ ಬರೀತೀನಿ. ಈಗ ಏಳ್ರಿ, ಹೊತ್ತು ಮುಣಗಾಕ ಬಂತು, ನಮ್ಮ ಮನ್ಯಾಗ ಉಂಡು ಹೋಗೀರಂತ."

ಉಂಡು ಬಸ್ಸಿನಲ್ಲಿ ಕುಳಿತ ದುಂಡಪ್ಪನ ತಲೆ ಸುಮ್ಮನಿರಲಿಲ್ಲ. ದೇಸೂರು ದಾಟುವಾಗ ಇನ್ನೊಂದು ಉಪಾಯ ಹೊಳೆಯಿತು. ಎಲ್ಲರೂ ಈ ತಿಂಗಳೇ ಸೇರಿದವರು ಎಂದು ಬರೆಸಿದರೆ? ಹೆಸರು ಬರೆಸಿದಂತೆಯೂ ಆಯಿತು, ಹಿಂದಿನ ಬಾಕಿಯೂ ತಪ್ಪಿತು. ಸಾತವ್ವನೂ ಉಳಿಯುತ್ತಾಳೆ. ಮನೆಗೆ ಬಂದು ಹೇಳಿದಾಗ ಶಿವಬಸವ್ವ ಹಾಸಿಗೆ ಹಾಸುತ್ತಿದ್ದಳು. "ನಿಮಗ ಇನ್ನೊಂದು ಗೋಡಿ ಕಟ್ಟೋ ಹಂಬಲ ಆಗೈತಿ" ಎಂದು ಎದ್ದು ಹೋದಳು.

ಅಧಿಕಾರಿ ಬಂದದ್ದು ಒಂದು ಸೋಮವಾರ. ಬಸವಣ್ಣನ ವಾರವೆಂದು ಎತ್ತುಗಳಿಗೆ ನೊಗ ಹೂಡದ ದಿನ, ಅಂಗಳ ಶಾಂತವಾಗಿತ್ತು. ತವನಪ್ಪನೂ ಜೊತೆಗೆ ಬಂದಿದ್ದ. ಗೋಡೆಯ ನೆರಳಿನಲ್ಲಿ ಮೇಜು ಹಾಕಿದರು. ಆ ಕಡೆಯವರು ಗೋಡೆ ಹತ್ತಿ ಇಳಿದು ಬರುವುದನ್ನು ನೋಡಿ ಅಧಿಕಾರಿ ಗಾಬರಿಯಾದ. ತವನಪ್ಪ ಕೆಮ್ಮಿ ಆಚೆ ಮುಖ ಮಾಡಿದ. ಮೊದಲು ಕರೆದದ್ದು ಸಾತವ್ವನನ್ನು. ಹೆಸರು ಕೇಳಿ, "ಎಂದಿನಿಂದ ಕೆಲಸಕ್ಕಿದ್ದಾರೆ?" ಎಂದು ಅಧಿಕಾರಿ ದುಂಡಪ್ಪನ ಕಡೆ ತಿರುಗಿದ.

ಸಾತವ್ವ ಮಣ್ಣು ಮೆತ್ತಿದ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು. ಈ ತಿಂಗಳು ಎಂದರೆ ಅವಳು ಎದುರಾಡುವವಳಲ್ಲ, ಸಿಕ್ಕಷ್ಟೇ ಸಾಕು ಎಂದು ಸುಮ್ಮನಾಗುವವಳು. ಅದು ಗೊತ್ತಿದ್ದೇ ದುಂಡಪ್ಪನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಕಣ್ಣೆದುರು ಗೋಡೆ ಇತ್ತು, ಹತ್ತು ಮಳೆಗೆ ಹತ್ತು ಬಣ್ಣದ ತೇಪೆ ಹಾಕಿಕೊಂಡು.

"ಈ ಗೋಡಿಕಿಂತ ಮೊದ್ಲ ಬಂದಾಳ್ರಿ ಆಕಿ," ಎಂದ. "ಆಕಿ ಬಂದ್ಲಂತನ ಗೋಡಿ ಕಟ್ಟಿಸಿದ್ನಿ. ಎಪ್ಪತ್ನಾಲ್ಕು ಅಂತ ಬರೀರಿ. ಎಲ್ಲಾರ್ದೂ ಖರೇ ವರ್ಷಾನ ಬರೀರಿ."

ಶಿವಬಸವ್ವ ಮನೆಯ ಬಾಗಿಲಲ್ಲಿ ನಿಂತವಳು ಸೆರಗಿನಿಂದ ಮೂಗೊರೆಸಿಕೊಂಡಳು. ಸಾತವ್ವ ಮಾತ್ರ ಗೋಡೆಯನ್ನೊಮ್ಮೆ, ಸಾವ್ಕಾರನನ್ನೊಮ್ಮೆ ನೋಡಿದಳು. "ನನ್ನ ಸಲುವಾಗಿ ಕಟ್ಟಿದ್ದೇನ್ರಿ ಇದು? ಯವ್ವಾ! ಇದರ ಇಟ್ಟಂಗಿ ನಾನ ಹೊತ್ತೀನಲ್ರಿ!"

ಯಾರು ಮೊದಲು ನಕ್ಕರೋ, ಅಂಗಳ ತುಂಬ ನಗು ಹಬ್ಬಿತು. ದುಂಡಪ್ಪನೂ ನಕ್ಕ, ನಗುತ್ತಲೇ ಕಣ್ಣು ತುಂಬಿಕೊಂಡ. ತನ್ನ ನಂತರ ಹಣ ಯಾರಿಗೆ ಸೇರಬೇಕು ಎಂದು ಅಧಿಕಾರಿ ಕೇಳಿದಾಗ ಸಾತವ್ವ ನೆಟ್ಟಗೆ ನಿಂತು, ಓಣಿಗೆಲ್ಲ ಕೇಳುವಂತೆ ಮಗಳ ಹೆಸರು ಹೇಳಿದಳು. ಆಮೇಲೆ ದುಂಡಪ್ಪನಿಗೆ, "ಬರೂ ಭಟ್ಟೀನೂ ನಾನ ತುಂಬತೀನ್ರಿ" ಎಂದಳು.

ಬಾಕಿಗೆ ಕಂತು ಸಿಕ್ಕಿತು. ಎರಡು ವರ್ಷ ದುಂಡಪ್ಪನ ಕೈ ಬಿಗಿಯಾಗಿಯೇ ಇತ್ತು, ಆದರೂ ಅವನು ಕಣ್ತುಂಬ ನಿದ್ದೆ ಮಾಡಿದ. ಬೋರ್ಡು ಒಂದೇ ಉಳಿಯಿತು, ಅದರ ಮೇಲಿನ ಹೆಸರು ಶಿವಬಸವ್ವನದು. ತನ್ನ ಕಾರ್ಖಾನೆ ಬಿಟ್ಟುಕೊಡಲು ಅವಳು ಸುತಾರಾಂ ಒಪ್ಪಲಿಲ್ಲ. ಇಪ್ಪತ್ತೊಂದನೆಯವನನ್ನೂ ಸೇರಿಸಿಕೊಂಡರು.

ಗೋಡೆ ಒಡೆಯುವ ದಿನ ಅದು ಮೊಳಕಾಲೆತ್ತರಕ್ಕೆ ಇಳಿದಾಗ ಸಾತವ್ವ ಕೈ ಅಡ್ಡ ಹಿಡಿದಳು. "ಇಷ್ಟು ಇರಲಿ ಬಿಡ್ರಿ, ಕುಂದರಾಕ ಆಗತೈತಿ." ಅಂದಿನಿಂದ ಮಧ್ಯಾಹ್ನ ಎಲ್ಲರೂ ಅದರ ಮೇಲೆ ಸಾಲಾಗಿ ಕುಳಿತು ಬುತ್ತಿ ಬಿಚ್ಚುತ್ತಿದ್ದರು. ದುಂಡಪ್ಪ ಬಂದರೆ ಸಾತವ್ವ ಸ್ವಲ್ಪ ಸರಿದು ಅವನಿಗೂ ಜಾಗ ಕೊಡುತ್ತಿದ್ದಳು.